ಟೋಪೀ ಸಾಹೇಬನ ಸಿನಿಮಾದ ಹೆಣ

ದೇವರ ಸಿನಿಮಾ ನೋಡೋಣವೆಂದು ಹೋದ ಹೆಂಗಸರಿಗೆ ಆ ಮಧ್ಯಾಹ್ನ ದೇವರ ಬದಲು ಟೋಪೀ ಸಾಹೇಬ ಸಿಕ್ಕ.

ದೇವರ ಡಬ್ಬಿಗಳು ಹುಬ್ಬಳ್ಳಿಯ ರೈಲಿಗೆ ಬರಬೇಕಾಗಿತ್ತು, ಬರಲಿಲ್ಲ. ಅವತ್ತು ಸಂತೆಯ ದಿನ. ಬೆಟಗೇರಿಯ ಹಳೇ ಹತ್ತಿ ಗೋದಾಮನ್ನೇ ಥಿಯೇಟರು ಮಾಡಿದ್ದ ಆ ಜಾಗದೊಳಗೆ ಜನ ಆಗಲೇ ಬಂದು ಕೂತಿತ್ತು. ಮಷೀನು ನಡೆಸುವ ಬುಡ್ಡೇಸಾಬ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಹಳೇ ಪತ್ತೇದಾರಿ ಚಿತ್ರ ತೆಗೆದು ಹಾಕಿಬಿಟ್ಟ. ಅದರ ಹೆಸರಿದ್ದ ತುಂಡು ಎಂದೋ ಹರಿದು ಹೋಗಿತ್ತು. ಪತ್ತೇದಾರ ಮಲಗುವಾಗ ಕೂಡ ಟೋಪಿ ತೆಗೆಯುತ್ತಿರಲಿಲ್ಲವಾದ್ದರಿಂದ ಊರ ಜನ ತಾವೇ ಹೆಸರಿಟ್ಟರು: ಟೋಪೀ ಸಾಹೇಬನ ಸಿನಿಮಾ.

ವಿಮಲಾಬಾಯಿ ಎದ್ದು ಹೊರಟಳು. ಗದಗಿನ ಹನುಮಂತದೇವರ ಗುಡಿಯ ಅರ್ಚಕರ ಮನೆಯ ಸೊಸೆ, ಕೊಲೆಯ ಚಿತ್ರ ನೋಡುವುದೆಂದರೇನು? ಬಾಗಿಲಲ್ಲಿ ಹೆಂಗಸರ ಚೀಟಿ ಹರಿಯುವ ದಾವಲಬಿ, ಬುಡ್ಡೇಸಾಬನ ಹೆಂಡತಿ, ಅಡ್ಡ ನಿಂತಳು.

“ಎಲ್ಲಿಗಿ ಹೊಂಟ್ರಿ ಬಾಯಾರ? ಹೊರಗ ಬಿಸಲು ಹೆಂಗೈತಿ ನೋಡೀರೇನು? ಒಳಗ ಕೊಲಿ ಆದ್ರೂ ತಂಪೈತಿ. ಕುಂಡ್ರಿ.”

ಹೆಂಗಸರೆಲ್ಲ ನಕ್ಕರು. ವಿಮಲಾಬಾಯಿ ಕೂತಳು.

ಆಕೆ ಲಕ್ಷ್ಮೇಶ್ವರದ ಮಗಳು. ಸಣ್ಣವಳಿದ್ದಾಗ ದೀಪ ಹಚ್ಚಿದ ಮೇಲೆ ಅಪ್ಪ ಭಾರತ ಓದುತ್ತಿದ್ದರು. ಆಕೆ ಕಂಬಕ್ಕೆ ಬೆನ್ನು ಕೊಟ್ಟು ಕೇಳುತ್ತಿದ್ದಳು. ಕೇಳುವುದೊಂದೇ ಆಕೆ ಕಲಿತ ವಿದ್ಯೆ. ಭಾರತದಲ್ಲಿ ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ ಎಲ್ಲ ಮೊದಲೇ ಗೊತ್ತು. ಗೊತ್ತಿದ್ದದ್ದನ್ನೇ ಕೇಳಿ ಕಣ್ಣೀರು ಬರುವುದು. ಇಲ್ಲಿ ಹಾಗಲ್ಲ. ಇಲ್ಲಿ ಮೊದಲು ಹೆಣ, ಆಮೇಲೆ ಕಥೆ. ಒಬ್ಬ ಮನುಷ್ಯ ಟೋಪಿ ಹಾಕಿಕೊಂಡು ಬಂದು ನೆಲದ ಮೇಲಿನ ಬೂದಿ ಮುಟ್ಟಿ ನೋಡುತ್ತಾನೆ, ಕಿಟಕಿಯ ಚಿಲಕ ಮೂಸುತ್ತಾನೆ, ಮೆಟ್ಟಿನ ಕೆಸರು ಯಾವ ಊರಿನದೆಂದು ಕೇಳುತ್ತಾನೆ. ಯಾರಿಗೂ ಏನೂ ಗೊತ್ತಿಲ್ಲ. ಕಾಯುತ್ತ ಕೂಡಬೇಕು. ಹದಿಮೂರು ವರ್ಷದಿಂದ ಕಾಯುತ್ತ ಕೂತವಳಿಗೆ ಆ ಕಾಯುವುದು ಹೊಸದೇನೂ ಅನಿಸಲಿಲ್ಲ.

ಬಡವರು ತೆಗೆದ ಚಿತ್ರ ಅದು. ಶೇಟಜಿಯ ಮನೆಯಲ್ಲಿದ್ದ ಕೆಂಪು ಸೋಫಾ ಪೊಲೀಸ ಚೌಕಿಯಲ್ಲೂ ಇತ್ತು, ಡಾಕ್ಟರರ ಮನೆಯಲ್ಲೂ ಇತ್ತು. ಅದು ಕೆಂಪೆಂದು ಕಪ್ಪು ಬಿಳಿ ಚಿತ್ರದಲ್ಲಿ ಹೇಗೆ ಗೊತ್ತಾಯಿತೋ, ಎಲ್ಲರೂ ಕೆಂಪೆಂದೇ ಅಂದರು. ಚಂದ್ರನನ್ನು ಬಟ್ಟೆಯ ಮೇಲೆ ಬರೆದಿದ್ದರು. ಸಾಹೇಬ ಕಿಟಕಿಯ ಹತ್ತಿರ ಹೋದಾಗ ಅವನ ಟೋಪಿಯ ನೆರಳು ಚಂದ್ರನ ಮೇಲೆ ಬೀಳುತ್ತಿತ್ತು. ಬಾಗಿಲು ಹಾಕಿದರೆ ಗೋಡೆ ಅಲುಗುತ್ತಿತ್ತು. ಜನ ಸಿಳ್ಳೆ ಹೊಡೆಯುತ್ತಿದ್ದರು, ನಗುತ್ತಿದ್ದರು, ಮತ್ತೆ ಮುಂದಿನ ಕ್ಷಣಕ್ಕೆ ಉಸಿರು ಬಿಗಿಹಿಡಿಯುತ್ತಿದ್ದರು. ಅಲುಗುವ ಗೋಡೆಯ ಆಚೆ ಏನೋ ಖರೇನೇ ಇದೆ ಅನಿಸುವಂತಿತ್ತು.

ಸಾಹೇಬ ಬಾಗಿಲು ತೆರೆದ. ನೆಲದ ಮೇಲೆ ಶೇಟಜಿಯ ಕಾರಕೂನ ಸತ್ತು ಬಿದ್ದಿದ್ದ. ಮುಖ ಮೇಲೆ, ಬಲಗೈ ನೋಡುವವರ ಕಡೆ ಚಾಚಿದೆ. ಆ ಕೈಯ ಕಿರುಬೆರಳು ಸೊಟ್ಟಗಿತ್ತು.

ವಿಮಲಾಬಾಯಿಗೆ ಮೊದಲು ಕಂಡದ್ದು ಬೆರಳೇ. ಆಮೇಲೆ ಮುಖ.

ಗೋಪಾಲ. ಆಕೆಯ ಗಂಡ.

*

ಗೋಪಾಲ ಮನೆ ಬಿಟ್ಟದ್ದು ಆಕೆಗೆ ಹತ್ತೊಂಬತ್ತು ತುಂಬಿದ ವರ್ಷ. ನಾಟಕದ ಹುಚ್ಚು. ಗುಡಿಯ ಪೂಜೆಗೆ ಕೂತವನು ಕನ್ನಡಿ ನೋಡಿಕೊಂಡು ಬೇರೆ ಬೇರೆ ದನಿಯಲ್ಲಿ ಮಂತ್ರ ಹೇಳುತ್ತಾನೆಂದು ಅಣ್ಣ ಜಯತೀರ್ಥಾಚಾರ್ಯರು ಒಂದು ದಿನ ಕಪಾಳಕ್ಕೆ ಹೊಡೆದರು. ಮರುದಿನ ಅವನಿಲ್ಲ. ಒಂದು ವರ್ಷದ ಮೇಲೆ ಮಾರ್ಗಶೀರ್ಷದಲ್ಲಿ ಕೊಲ್ಹಾಪುರದಿಂದ ಒಂದು ಕಾರ್ಡು ಬಂತು: ‘ನಾನು ಆರಾಮ ಇದ್ದೇನೆ, ಚಿಂತಿ ಮಾಡಬ್ಯಾಡ್ರಿ.’ ಅದು ಇಸವಿ ನಾಲ್ವತ್ನಾಲ್ಕು. ಅದೇ ಕೊನೆಯ ಖಬರ.

ಆಚಾರ್ಯರ ಮನೆತನದಲ್ಲಿ ಒಂದು ಕಟ್ಟಳೆ ನಡೆದುಬಂದಿತ್ತು. ಊರು ಬಿಟ್ಟವನ ಖಬರ ಹನ್ನೆರಡು ವರ್ಷ ಬರದಿದ್ದರೆ ಅವನನ್ನು ಸತ್ತವನೆಂದೇ ಹಿಡಿಯಬೇಕು. ಮುತ್ತಗದ ಎಲೆಯ ಮುನ್ನೂರಾ ಅರವತ್ತು ತೊಟ್ಟು ತಂದು, ತಲೆಗೆ ಇಷ್ಟು, ಎದೆಗೆ ಇಷ್ಟು, ಕೈಗೆ ಇಷ್ಟೆಂದು ಮನುಷ್ಯನ ಆಕಾರ ಕಟ್ಟಿ ಸುಡಬೇಕು. ಸುಟ್ಟ ದಿನವೇ ಹೆಂಡತಿಯ ಕುಂಕುಮ ಅಳಿಸಬೇಕು. ಈ ಮಾರ್ಗಶೀರ್ಷಕ್ಕೆ ಹನ್ನೆರಡು ತುಂಬುತ್ತಿತ್ತು.

ಜಯತೀರ್ಥಾಚಾರ್ಯರು ಕೆಟ್ಟವರಲ್ಲ. ಗೋಪಾಲ ಕನಸಿನಲ್ಲಿ ಬಂದು ಒಣಗಿದ ತುಟಿಯಿಂದ ನೀರು ಕೇಳುತ್ತಾನೆಂದು ಹೆಂಡತಿ ಜಾನಕೀಬಾಯಿಯ ಮುಂದೆ ಹೇಳಿ ಅಳುತ್ತಿದ್ದರು. “ಕರ್ಮ ಇಲ್ಲದ ಅಲೀಲಿಕ್ಕೆ ಹತ್ಯಾನ ಅಂವಾ. ನಾ ಇದ್ದೂ ಅವಗ ಒಂದು ಬೊಗಸಿ ನೀರಿಲ್ಲಂದ್ರ ಹ್ಯಾಂಗ?”

ಅದನ್ನೆಲ್ಲ ಒಳಗಿನ ಬಾಗಿಲ ಹಿಂದೆ ನಿಂತು ವಿಮಲಾಬಾಯಿ ಕೇಳಿದ್ದಳು. ಭಾವನವರ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಏನಿದ್ದರೂ ಬಾಗಿಲ ಸಂದಿಯಿಂದ ವೈನಿ ಜಾನಕೀಬಾಯಿಗೆ ಹೇಳಬೇಕು, ವೈನಿ ಅವರಿಗೆ ಹೇಳಬೇಕು.

ಸಂತೆಯ ದಿನ ಬಂತೆಂದರೆ ಮಠಕ್ಕೆಂದು ಸುಳ್ಳು ಹೇಳಿ ಆಕೆ ಬೆಟಗೇರಿಗೆ ಹೋಗತೊಡಗಿದಳು. ದೇವರ ಡಬ್ಬಿ ಬಂದವು, ಹೋದವು. ಜನ ಮಾತ್ರ ಮಧ್ಯಾಹ್ನದ ಆಟಕ್ಕೆ ಟೋಪೀ ಸಾಹೇಬನೇ ಬೇಕೆಂದು ಹಟ ಹಿಡಿದಿದ್ದರು. ಕೊಂದವನು ಯಾರೆಂದು ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೂ ಬರುತ್ತಿದ್ದರು.

ಎರಡನೆಯ ಸಲ ಆಕೆಗೆ ಹೆಣ ಉಸಿರಾಡುವುದು ಕಾಣಿಸಿತು. ಸಾಹೇಬ ಸುತ್ತ ತಿರುಗಿ ನೋಡುವಾಗ ಕಾರಕೂನನ ಅಂಗಿಯ ಎರಡನೇ ಗುಂಡಿ ಸ್ವಲ್ಪ ಮೇಲೆದ್ದು ಸ್ವಲ್ಪ ಇಳಿಯುತ್ತಿತ್ತು. ಎರಡು ಸಲ, ಅಷ್ಟೇ. ಬೇರೆ ಚಿತ್ರವಾಗಿದ್ದರೆ ಮತ್ತೊಮ್ಮೆ ತೆಗೆಯುತ್ತಿದ್ದರು. ಇವರಿಗೆ ಮತ್ತೊಮ್ಮೆ ತೆಗೆಯುವಷ್ಟು ಫಿಲ್ಮು ಎಲ್ಲಿತ್ತು? ಆಕೆ ತನ್ನ ಉಸಿರನ್ನು ಅದರ ಜೊತೆಗೆ ಹೊಂದಿಸಿಕೊಂಡಳು. ಕತ್ತಲೆಯಲ್ಲಿ ಮೈ ಜುಂ ಅಂದಿತು. ಹದಿಮೂರು ವರ್ಷದ ಮೇಲೆ ಗಂಡನ ಮಗ್ಗುಲಲ್ಲಿ ಮಲಗಿದ ಹಾಗೆ.

ನಾಲ್ಕನೆಯ ಸಲ ಗೋಡೆಯ ಮೇಲಿನ ಕ್ಯಾಲೆಂಡರು ಕಂಡಿತು. ಸಾಹೇಬ ಬಗ್ಗಿದಾಗ ಅವನ ಹೆಗಲಿನ ಹಿಂದಿನಿಂದ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅದು ಇಣುಕುತ್ತಿತ್ತು. ಬಾಳಬೋಧ, ಅಂದರೆ ಮರಾಠಿಯವರ ದೇವನಾಗರಿ ಅಂಕಿಗಳು. ಅಪ್ಪ ಕಲಿಸಿದ್ದರು, ಓದಬಲ್ಲಳು. ಐದನೆಯ ಸಲ ಖಾತ್ರಿ ಮಾಡಿಕೊಂಡಳು. ಆರನೆಯ ಸಲ ಮತ್ತೊಮ್ಮೆ.

ಸಾವಿರದ ಒಂಬೈನೂರಾ ನಾಲ್ವತ್ತೆಂಟು.

ಟೋಪೀ ಸಾಹೇಬ ಇಡೀ ಕೋಣೆ ಹುಡುಕಿದ್ದ, ಆ ಕ್ಯಾಲೆಂಡರಿನ ಕಡೆ ತಿರುಗಿ ಕೂಡ ನೋಡಿರಲಿಲ್ಲ. ನಾಲ್ವತ್ನಾಲ್ಕರಲ್ಲಿ ಕಾರ್ಡು ಬರೆದವನು ನಾಲ್ವತ್ತೆಂಟರಲ್ಲಿ ಉಸಿರಾಡುತ್ತಿದ್ದ. ಕೊನೆಯ ಖಬರ ಕಾರ್ಡಿನದಲ್ಲ, ಇದು. ಹನ್ನೆರಡು ವರ್ಷ ಇಲ್ಲಿಂದ ಎಣಿಸಬೇಕು. ಇನ್ನೂ ನಾಲ್ಕು ವರ್ಷ ಇತ್ತು.

*

ರಾಜ್ಯ ಒಂದಾಗಿ ಎರಡು ವಾರವಾಗಿತ್ತು. ಮುಂಬಯಿ ಸರಕಾರದ ಹೆಸರು ಅಳಿಸಿ ಮೈಸೂರಿನದು ಬರೆಯುವ ಗಡಿಬಿಡಿಯಲ್ಲಿ ಕಚೇರಿಯ ಗೋಡೆಗಳಲ್ಲಿ ಎರಡೂ ಹೆಸರು ಒಂದರ ಮೇಲೊಂದು ಕಾಣುತ್ತಿದ್ದವು. ಮನೆಯಲ್ಲಿ ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಾಗ ವಿಮಲಾಬಾಯಿ ವೈನಿಯ ಮುಂದೆ ಎಲ್ಲ ಹೇಳಿಬಿಟ್ಟಳು.

ಜಾನಕೀಬಾಯಿಯ ಕೈಯೊಳಗಿನ ಅರಳೆ ಕೆಳಗೆ ಬಿತ್ತು. “ಅಯ್ಯ, ಮಠಕ್ಕ ಅಂತ ಹೇಳಿ ನೀ ಸಿನಿಮಾಕ್ಕ ಹೋಗ್ತಿದ್ದೇನ? ಇವರಿಗೆ ತಿಳದ್ರ ನಿನ್ನ ಜೊತಿಗೆ ನನ್ನೂ ಹೊರಗ ಹಾಕ್ತಾರ!”

“ಹಾಕ್ಲಿ ವೈನಿ. ಆದ್ರ ಒಮ್ಮೆ ನೋಡ್ಲಿ. ನೋಡಿ ಹಾಕ್ಲಿ.”

ಜಯತೀರ್ಥಾಚಾರ್ಯರು ಸಂಧ್ಯಾವಂದನೆ ಮುಗಿಸಿ ಬಂದು ಹೆಂಡತಿಯ ಬಾಯಿಂದ ಎಲ್ಲ ಕೇಳಿದರು. ಸಿಟ್ಟಾಗಲಿಲ್ಲ. ತಂಬಿಗೆಯ ನೀರು ಮುಂದಿಟ್ಟುಕೊಂಡು ಕೂತರು. “ಖಬರ ಅಂದ್ರ ಖಬರ. ನಾ ಕಣ್ಣಾರೆ ನೋಡಿದೆ ಅಂದ್ರ ಲೆಕ್ಕ ಮತ್ತ ಮೊದಲಿಂದ. ಅಂವಾ ಇದ್ದಾನ ಅಂತ ಗೊತ್ತಾದ್ರ ನನಗೂ ಬ್ಯಾಡೇನು?” ಅಂದರು. ಬಾಗಿಲ ಹಿಂದೆ ವಿಮಲಾಬಾಯಿ ಎರಡೂ ಕೈ ಜೋಡಿಸಿದಳು.

ಸಂತೆಯ ದಿನ ಆಚಾರ್ಯರು ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡು, ಶಲ್ಯ ಹೊದ್ದುಕೊಂಡು, ಗುಡಿಗೆ ಬಂದ ಹಾಗೆ ಥಿಯೇಟರಿಗೆ ಬಂದರು. ಐವತ್ತು ವರ್ಷಕ್ಕೆ ಮೊದಲನೆಯ ಸಿನಿಮಾ. ಚಪ್ಪಲಿ ಬಾಗಿಲಲ್ಲೇ ಬಿಟ್ಟರು.

ದಾವಲಬಿಗೆ ನಗು ತಡೆಯಲಿಲ್ಲ. “ಅಜ್ಜಾರ, ಹಾಕ್ಕೊಂಡ ಹೋಗ್ರಿ, ಒಳಗ ಇಲಿ ಅದಾವ.” ಅವರು ಕೇಳಿಸಿಕೊಳ್ಳಲಿಲ್ಲ.

ಗಂಡಸರು ಮುಂದೆ, ಹೆಂಗಸರು ನಡುವೆ ಕಟ್ಟಿದ ಗಿಡ್ಡ ಪಡದೆಯ ಈಚೆ. ಪಡದೆಯ ಅಂಚಿನಿಂದ ವಿಮಲಾಬಾಯಿಗೆ ಭಾವನವರ ಜುಟ್ಟು ಮಾತ್ರ ಕಾಣುತ್ತಿತ್ತು. ಸೋಫಾ ಬಂತು, ಚಂದ್ರ ಬಂದ, ಟೋಪಿಯ ನೆರಳು ಬಿತ್ತು, ಜನ ಸಿಳ್ಳೆ ಹೊಡೆದರು. ಜುಟ್ಟು ಅಲುಗಲಿಲ್ಲ. ಸಾಹೇಬ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಆಕೆ ಮನಸ್ಸಿನಲ್ಲೇ ಹೇಳಿಕೊಂಡಳು: ಎರಡನೇ ಗುಂಡಿ ನೋಡ್ರಿ. ಆಮ್ಯಾಲೆ ಹೆಗಲ ಹಿಂದ ನೋಡ್ರಿ.

ಬಾಗಿಲು ತೆರೆಯಿತು. ಸೊಟ್ಟ ಬೆರಳು ಗೋಡೆಯಷ್ಟು ದೊಡ್ಡದಾಗಿ ಮುಂದೆ ಚಾಚಿತು.

ಆ ಬೆರಳು ಸೊಟ್ಟಾದದ್ದು ಹಿತ್ತಲ ಬಾವಿಯ ಗಾಲಿಯಲ್ಲಿ ಸಿಕ್ಕು. ಆಗ ಗೋಪಾಲನಿಗೆ ಆರು ವರ್ಷ, ಹಗ್ಗ ಎಳೆದವರು ಇದೇ ಅಣ್ಣ. ಗಂಡಸರ ಸಾಲಿನಿಂದ ಒಂದು ದನಿ ಎದ್ದಿತು. ಅಳುವಲ್ಲ, ಕೂಗಲ್ಲ, ಎದೆಯೊಳಗಿನ ಗಾಳಿಯೆಲ್ಲ ಒಮ್ಮೆಲೇ ಹೊರಬಿದ್ದ ಹಾಗೆ. ಜುಟ್ಟು ಎದ್ದು ನಿಂತಿತು. ಅವರ ನೆರಳು ತೆರೆಯ ಮೇಲೆ ಬಿದ್ದು ಹೆಣವನ್ನು ಮುಚ್ಚಿತು. “ಕೂಡ್ರೋ ಮುದುಕಾ!” ಅಂತ ಯಾರೋ ಒದರಿದರು. ಅದೇ ಹೊತ್ತಿಗೆ ಫಟ್ಟೆಂದು ಫಿಲ್ಮು ಹರಿದು ತೆರೆ ಬೆಳ್ಳಗಾಯಿತು. ಆ ಬೆಳಕಿನಲ್ಲಿ ಆಚಾರ್ಯರು ಯಾರನ್ನೂ ನೋಡದೆ ಹೊರಗೆ ನಡೆದರು.

ವಿಮಲಾಬಾಯಿ ಓಡಿದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಗೋದಾಮಿನ ಹಿಂದಿನ ಬಾವಿಯ ಕಟ್ಟೆಯ ಮೇಲೆ ಭಾವನವರು ಉಟ್ಟ ಪಂಚೆ, ಹೊದ್ದ ಶಲ್ಯದ ಸಮೇತ ನಿಂತು ಕೊಡದ ಮೇಲೆ ಕೊಡ ಸುರಿದುಕೊಳ್ಳುತ್ತಿದ್ದರು. ಹತ್ತಿರದವರು ಸತ್ತ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮಾಡುವ ಸ್ನಾನ. ಜನಿವಾರ ಬಲ ಹೆಗಲಿಗೆ ಬಂದಿತ್ತು. ತುಟಿ ಗೋತ್ರ ಹೇಳುತ್ತಿತ್ತು, ತಮ್ಮನ ಹೆಸರು ಹೇಳುತ್ತಿತ್ತು. ಬೊಗಸೆಯ ನೀರು ಹೆಬ್ಬೆರಳ ಪಕ್ಕದಿಂದ ಇಳಿದು ಕಾದ ಕಲ್ಲಿನ ಮೇಲೆ ಬಿದ್ದು ಅಲ್ಲೇ ಆರುತ್ತಿತ್ತು.

ಸೊಸೆಯಾಗಿ ಬಂದ ಹದಿನಾರು ವರ್ಷದಲ್ಲಿ ಮೊದಲನೆಯ ಸಲ ಆಕೆ ಅವರ ಎದುರು ನಿಂತು ಬಾಯಿ ಬಿಟ್ಟಳು.

“ಬಿಡಬ್ಯಾಡ್ರಿ ಭಾವಾ, ನೀರು ಬಿಡಬ್ಯಾಡ್ರಿ! ಆಟ ಅದು! ಉಸಿರಾಡ್ಲಿಕ್ಕೆ ಹತ್ಯಾರ ಅವರು, ಗುಂಡಿ ನೋಡ್ಲಿಲ್ಲೇನು ನೀವು?”

“ಸತ್ತಿದ್ದು ನೋಡಿದೆ.”

“ಕ್ಯಾಲೆಂಡರ ನೋಡಿದ್ರ್ಯಾ?”

“ನನ್ನ ತಮ್ಮ ನೆಲದ ಮ್ಯಾಲೆ ಬಿದ್ದಿದ್ದ, ವಿಮಲಾ. ಗ್ವಾಡಿ ಯಾರು ನೋಡ್ತಾರ?” ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. “ಆಟಕ್ಕರೆ ಆಗ್ಲಿ, ಖರೇಕರೆ ಆಗ್ಲಿ, ನನ್ನ ಕಣ್ಣು ನೋಡಿತು, ನನ್ನ ಮೈ ತೊಯ್ದದ. ಹೆಸರು ಹೇಳಿ ನೀರು ಬಿಟ್ಟೆ. ಬಿಟ್ಟ ನೀರು ತಿರುಗಿ ತಗೋಳಿಕ್ಕೆ ಬರೂದಿಲ್ಲ. ಇವತ್ತಿಂದ ಸೂತಕ. ಹತ್ತನೇ ದಿನ ಕರ್ಮ ಮುಗಿಸಿಬಿಡ್ತೀನಿ.”

ಒಳಗೆ ಮಷೀನು ಮತ್ತೆ ಸುರುವಾದ ಸದ್ದು ಕೇಳಿಸಿತು.

*

ಹೊಂಬಳದ ಕಡೆಯಿಂದ ಮುತ್ತಗದ ತೊಟ್ಟು ಬಂದವು. ಜಾನಕೀಬಾಯಿ ಪಡಸಾಲೆಯಲ್ಲಿ ಕೂತು ಹತ್ತು ಹತ್ತರ ಕಟ್ಟು ಕಟ್ಟಿ ಇಡುತ್ತಿದ್ದಳು. ಒಂದೊಂದು ಕಟ್ಟಿಗೆ ಒಮ್ಮೆ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಆಚಾರ್ಯರು ಮಾತ್ರ ಬಹಳ ದಿನದ ಮೇಲೆ ನಿದ್ದೆ ಮಾಡಿದರು. ಕನಸಿನಲ್ಲಿ ತಮ್ಮ ನೀರು ಕೇಳಲಿಲ್ಲವಂತೆ.

ಎಂಟನೇ ದಿನ ಮತ್ತೆ ಸಂತೆ ಬಂತು. ಸೂತಕದ ಮನೆಯಿಂದ ಎದ್ದು ವಿಮಲಾಬಾಯಿ ಬೆಟಗೇರಿಗೆ ನಡೆದಳು. ಯಾರೂ ತಡೆಯಲಿಲ್ಲ.

ಅವತ್ತು ಬಾಗಿಲು ತೆರೆದಾಗ ಚಿತ್ರ ಒಮ್ಮೆ ಜಿಗಿಯಿತು. ಕಾರಕೂನ ಬಿದ್ದಿದ್ದ. ಸಾಹೇಬ ಆಗಲೇ ಬಗ್ಗಿಬಿಟ್ಟಿದ್ದ. ಕ್ಯಾಲೆಂಡರು ಇಣುಕಲಿಲ್ಲ. ಆಕೆ ಗುಂಡಿ ನೋಡಿದಳು. ಗುಂಡಿ ಏಳಲಿಲ್ಲ, ಇಳಿಯಲಿಲ್ಲ. ಗೋಪಾಲ ಕಲ್ಲಿನ ಹಾಗೆ ಬಿದ್ದಿದ್ದ. ಜನ ಎಂದಿನಂತೆ ನಗುತ್ತಿದ್ದರು. ಮೊನ್ನೆ ಬಾವಿಯ ಕಟ್ಟೆಯ ಮೇಲೆ ಬಿಟ್ಟ ನೀರು ಇಲ್ಲಿಯವರೆಗೆ ಹರಿದು ಬಂದಿತೇ?

ಆಟ ಮುಗಿದ ಮೇಲೆ ದಾವಲಬಿಯ ಕೈ ಹಿಡಿದು ಮೇಲಿನ ಕೋಣೆಗೆ ಹತ್ತಿದಳು. ಬುಡ್ಡೇಸಾಬ ಕರಿ ಚಹಾ ಕುಡಿಯುತ್ತಿದ್ದ.

“ಹೋದ ಸಂತಿಗೆ ಅಲ್ಲೇ ಹರದಿತ್ತ್ರಿ ಬಾಯಾರ. ತುದಿ ಸುಟ್ಟಿತ್ತು. ನಾಕು ಮೊಳ ಕತ್ತರಿಸಿ ಅಂಟಿಸೇನಿ. ಹೆಣ ಅಲ್ರೀ, ಎಷ್ಟು ಹೊತ್ತು ಬಿದ್ರೂ ಅಷ್ಟ, ಕಮ್ಮಿ ಬಿದ್ರೂ ಅಷ್ಟ. ಯಾರಿಗಿ ಗೊತ್ತಾಕ್ಕೈತಿ?”

“ಕತ್ತರಿಸಿದ್ದೆಲ್ಲೆ ಅದ?”

“ಬಳೀ ಮಾಡಾಕ ಹುಡುಗ್ಯಾರು ಒಯ್ದ್ರು. ಒಂದು ಗೇಣು ಉಳದಿರಬೇಕು, ನೋಡತೇನಿ.” ತಗಡಿನ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಚೂರು ತೆಗೆದುಕೊಟ್ಟ. “ನಾಡದು ಈ ಚಿತ್ರ ಲಕ್ಷ್ಮೇಶ್ವರದ ಟೆಂಟಿಗಿ ಹೋಗತೈತಿ. ಆಮ್ಯಾಲ ಶಿರಹಟ್ಟಿ, ಮುಂಡರಗಿ. ಇನ್ನ ನೋಡಬೇಕಂದ್ರ ಅಲ್ಲೆ ಹೋಗಬೇಕು ನೀವು.”

ದಾವಲಬಿ ಗಂಡನನ್ನು ಗದರಿದಳು. “ಚೇಷ್ಟಿ ಸಾಕು. ಆಕಿ ಮಾರಿ ನೋಡಿಲ್ಲಿ.”

ಕಿಟಕಿಯ ಬಿಸಿಲಿಗೆ ವಿಮಲಾಬಾಯಿ ಚೂರನ್ನು ಹಿಡಿದಳು. ಸಣ್ಣ ಸಣ್ಣ ಚೌಕ, ಹನ್ನೊಂದು. ಹನ್ನೊಂದರಲ್ಲೂ ಅದೇ ನೆಲ, ಅದೇ ಚಾಚಿದ ಕೈ. ಸಾಹೇಬನ ಹೆಗಲು ಕ್ಯಾಲೆಂಡರನ್ನು ಪೂರ್ತಿ ಮುಚ್ಚಿತ್ತು. ಗುಂಡಿ ಎಲ್ಲದರಲ್ಲೂ ಒಂದೇ ಕಡೆ ಇತ್ತು. ಉಸಿರು ಯಾವ ಚೌಕದಲ್ಲೂ ಇರಲಿಲ್ಲ. ಒಂದು ಚೌಕಕ್ಕೂ ಮತ್ತೊಂದಕ್ಕೂ ನಡುವೆ ಇದ್ದ ಕರಿ ಗೆರೆಯಲ್ಲೆಲ್ಲೋ ಅದು ಇತ್ತೇನೋ.

ಬುಡ್ಡೇಸಾಬ ಫಿಲ್ಮನ್ನು ದೊಡ್ಡದಾಗಿ ತೋರಿಸುವ ಬೂದುಗನ್ನಡಿ ಕೊಟ್ಟ. ಆಕೆ ಒಂದೊಂದಾಗಿ ನೋಡಿದಳು. ಒಂದು, ಎರಡು, ಮೂರು: ಕಣ್ಣು ಮುಚ್ಚಿದ್ದವು. ಏಳನೆಯ ಚೌಕಕ್ಕೆ ಬಂದಾಗ ಕನ್ನಡಿಯನ್ನು ಇನ್ನೂ ಹತ್ತಿರ ತಂದಳು.

ಏಳನೆಯದರಲ್ಲಿ ಗೋಪಾಲನ ಕಣ್ಣು ತೆರೆದಿದ್ದವು. ಅರ್ಧವಲ್ಲ, ಪೂರ್ತಿ. ನೆಟ್ಟಗೆ ಈ ಕಡೆ ನೋಡುತ್ತಿದ್ದ. ಎಂಟನೆಯದರಲ್ಲಿ ಮತ್ತೆ ಮುಚ್ಚಿದ್ದವು. ಆರು ಸಲ ಆಕೆ ಇದೇ ಜಾಗವನ್ನು ರೆಪ್ಪೆ ಬಡಿಯದೆ ನೋಡಿದ್ದಳು. ಆರು ಸಲವೂ ಅವನು ಕಣ್ಣು ತೆರೆದು ಆಕೆಯನ್ನು ನೋಡಿ ಮುಚ್ಚಿಕೊಂಡಿದ್ದ, ಆಕೆಗೆ ಗೊತ್ತಾಗಿರಲಿಲ್ಲ.

*

ಮರುದಿನ ಬೆಳಗ್ಗೆ ಆಕೆ ಬಾಗಿಲ ಹಿಂದೆ ನಿಲ್ಲಲಿಲ್ಲ. ನೆಟ್ಟಗೆ ಪಡಸಾಲೆಗೆ ಬಂದು, ಬುಡ್ಡೇಸಾಬನಿಂದ ಇಸಕೊಂಡು ಬಂದಿದ್ದ ಬೂದುಗನ್ನಡಿಯನ್ನೂ ಚೂರನ್ನೂ ಭಾವನವರ ಮುಂದಿಟ್ಟಳು. “ಏಳನೇದು” ಅಂದಳು.

ಆಚಾರ್ಯರು ಚೂರನ್ನು ಅಂಗಳದ ಬಿಸಿಲಿಗೆ ಎತ್ತಿ ಹಿಡಿದರು. ನೋಡಿದರು. ಬಹಳ ಹೊತ್ತು ನೋಡಿದರು. ಕನ್ನಡಿಯನ್ನು ಏಳನೆಯ ಚೌಕದ ಮೇಲೆ ನಿಲ್ಲಿಸಿಬಿಟ್ಟರು. ವಿಮಲಾಬಾಯಿಗೆ ಎದೆ ಹಗುರಾಯಿತು: ಕಂಡಿತು ಅವರಿಗೂ.

ಅವರು ಚೂರನ್ನು ಹೂವಿನ ಹಾಗೆ ಕೆಳಗಿಟ್ಟರು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಕಣ್ಣು ಮುಚ್ಚಸ್ಲಿಕ್ಕೂ ಒಬ್ರು ಇದ್ದಿದ್ದಿಲ್ಲ ಅವಗ” ಅಂದರು. “ಹಾಂಗ ಬಿದ್ದಿದ್ದ ನೋಡು. ಇಷ್ಟು ದಿವಸ ಹಾಂಗ ಬಿದ್ದಿದ್ದ.”

ಒಂದೇ ಕಣ್ಣನ್ನು ಇಬ್ಬರೂ ನೋಡಿದ್ದರು; ಅದು ಒಬ್ಬರಿಗೆ ತೆರೆದದ್ದು, ಒಬ್ಬರಿಗೆ ಮುಚ್ಚದೇ ಉಳಿದದ್ದು. ಇನ್ನು ಯಾವ ಟೋಪಿಯವನು ಬಂದು ಏನು ಪತ್ತೆ ಮಾಡಿದರೂ ಈ ಮನೆಯಲ್ಲಿ ಆ ಕಣ್ಣು ಮುಚ್ಚಿಸಿಯೇ ಬಿಡುತ್ತಾರೆಂದು ಆಕೆಗೆ ತಿಳಿಯಿತು. ಪ್ರೀತಿಯಿಂದಲೇ ಮುಚ್ಚಿಸುತ್ತಾರೆ.

ಹತ್ತನೇ ದಿನ ಬೆಳಗಿನ ಮೊದಲ ಮೋಟರಿಗೆ ಆಕೆ ಲಕ್ಷ್ಮೇಶ್ವರಕ್ಕೆ ಹೊರಟಳು. ಜಾನಕೀಬಾಯಿ ಹಿತ್ತಲಲ್ಲಿ ಎದ್ದಿದ್ದವಳು, ನೋಡಿದಳು. ಕರೆಯಲಿಲ್ಲ. ಒಳಗೆ ಹೋಗಿ ತನ್ನ ಕುಂಕುಮದ ಭರಣಿ ತಂದು ಆಕೆಯ ಗಂಟಿನಲ್ಲಿ ತುರುಕಿ, ತಿರುಗಿ ನೋಡದೆ ಬಾಗಿಲು ಹಾಕಿಕೊಂಡಳು.

ಅವತ್ತು ಮಧ್ಯಾಹ್ನ ಗದಗಿನಲ್ಲಿ ಮುನ್ನೂರಾ ಅರವತ್ತು ತೊಟ್ಟಿನ ಗೋಪಾಲ ಉರಿದು ಬೂದಿಯಾದ. ಬಳೆ ಒಡೆಯಲು ಬಂದ ಹೆಂಗಸರು ಆಕೆಯ ಕೈ ಸಿಗದೆ ತಿರುಗಿ ಹೋದರು. ಆ ಊರಿನ ಲೆಕ್ಕದಲ್ಲಿ ವಿಮಲಾಬಾಯಿ ಅವತ್ತಿನಿಂದ ವಿಧವೆ.

ಲಕ್ಷ್ಮೇಶ್ವರದಲ್ಲಿ ಅವ್ವನ ತಂಗಿ, ಮಾವಶಿ ಸರಸ್ವತಿಬಾಯಿ, ತವರಿಗೆ ಬಂದ ಮುತ್ತೈದೆಯೆಂದು ಉಡಿ ತುಂಬಿದಳು. ಸಂಜೆ ಬಯಲಿನಲ್ಲಿ ಟೋಪೀ ಸಾಹೇಬನ ಸಿನಿಮಾದ ಟೆಂಟು ಎದ್ದಿತು. ಇಲ್ಲಿ ಪಡದೆ ಇರಲಿಲ್ಲ. ಗಂಡ ಹೆಂಡಿರು ಕೂಡಿಯೇ ಚಾಪೆ ಹಾಸಿ ಕೂತಿದ್ದರು. ವಿಮಲಾಬಾಯಿ ಹಣೆ ತುಂಬ ಕುಂಕುಮ ಇಟ್ಟುಕೊಂಡು ಮುಂದಿನ ಸಾಲಿಗೆ ಹೋಗಿ ಕೂತಳು. ಪಕ್ಕದಲ್ಲಿ ರಾಮವ್ವ ಅನ್ನುವ ಒಬ್ಬ ಒಕ್ಕಲಗಿತ್ತಿ, ಎಲೆಗೆ ಸುಣ್ಣ ಸವರುತ್ತಿದ್ದಳು. ಒಂದು ಎಲೆ ಇವಳಿಗೂ ಕೊಟ್ಟಳು.

“ಒಬ್ರ ಬಂದೀರೇನ್ರಿ ಬಾಯಾರ? ಯಜಮಾನ್ರು?”

“ಬರ್ತಾರವಾ” ಅಂದಳು ವಿಮಲಾಬಾಯಿ. “ಇನ್ನ ಸ್ವಲ್ಪ ಹೊತ್ತಿಗೆ ಬರ್ತಾರ.”

ರಾಮವ್ವ ಗಂಟುಮೂಟೆ ಎತ್ತಿಕೊಂಡು ಒಂದಿಷ್ಟು ಆಚೆ ಸರಿದಳು. ಇಬ್ಬರ ನಡುವೆ ಒಬ್ಬ ಮನುಷ್ಯ ಕೂಡುವಷ್ಟು ಚಾಪೆ ಖಾಲಿಯಾಯಿತು. ಅದರ ಮೇಲೆ ವಿಮಲಾಬಾಯಿ ತನ್ನ ಸೆರಗಿನಿಂದ ಮಣ್ಣು ಝಾಡಿಸಿದಳು.